ನಿದ್ರೆಯ ಗುಳಿಗೆಗೆ ಮೊದಲು ಉಸಿರಿನ ಪರೀಕ್ಷೆ

ಪ್ರವಚನದ ನಿಮಿತ್ತ ಬಸವಕಲ್ಯಾಣ ತಾಲ್ಲೂಕಿನ ಕೊಹಿನೂರಿಗೆ ಹೋದಾಗ ನಾವು ಸದ್ಭಕ್ತರೊಬ್ಬರ ಮನೆಯಲ್ಲಿ ಪ್ರಸಾದಕ್ಕೆ ಕುಳಿತಿದ್ದೆವು. ಪಡಸಾಲೆಯಲ್ಲಿ ಇಪ್ಪತ್ತರ ಹರೆಯದ ಮಗ ಹಾಸಿಗೆ ಹಿಡಿದಿದ್ದ. ಬಾಲ್ಯದಿಂದಲೇ ಸ್ನಾಯುಗಳು ಕ್ಷೀಣಿಸುತ್ತ ಬಂದ ರೋಗವದು. ಬಡಿಸುತ್ತಲೇ ತಾಯಿ ಕೇಳಿದಳು: “ಶಾಸ್ತ್ರಿಗಳೇ, ಹುಡುಗಗ ರಾತ್ರಿ ನಿದ್ದಿನೇ ಇಲ್ರಿ. ಒಂದು ನಿದ್ದಿ ಗುಳಗಿ ಕೊಟ್ರ ಹ್ಯಾಂಗ್ರಿ?”

ಆಕೆಯ ಕಣ್ಣುಗಳೂ ಕೆಂಪಾಗಿದ್ದವು. ರಾತ್ರಿ ಹಲವು ಸಲ ಎದ್ದು ಮಗನ ಮಗ್ಗುಲು ಬದಲಿಸುವವಳು ಆಕೆಯೇ. ಒಂದು ಗುಳಿಗೆಯಿಂದ ಇಬ್ಬರಿಗೂ ನಿದ್ರೆ ದೊರೆಯುವುದಾದರೆ ತಪ್ಪೇನು ಎಂದು ನಮಗೂ ಅನ್ನಿಸಿತು. ಆದರೂ ಬಲ್ಲವರನ್ನು ಕೇಳಿ ತಿಳಿಸುವೆವೆಂದು ಹೇಳಿ ಬಂದೆವು. ಹಾಗೆ ಕೇಳಿದ್ದೇ ಒಳಿತಾಯಿತು.

ಕಲಬುರಗಿಯ ನರರೋಗ ತಜ್ಞರೊಬ್ಬರು ನಮ್ಮನ್ನೇ ಮರಳಿ ಪ್ರಶ್ನಿಸಿದರು: “ಬೆಳಿಗ್ಗೆ ಏಳುವಾಗ ತಲೆನೋವು ಇದೆಯೆ? ಹಗಲಲ್ಲಿ ತೂಕಡಿಸುವನೆ? ಅಂಗಾತ ಮಲಗಿದರೆ ಉಸಿರು ಕಟ್ಟುವುದೆ?” ಮನೆಯವರನ್ನು ವಿಚಾರಿಸಿದರೆ ಮೂರಕ್ಕೂ ಹೌದೆಂಬ ಉತ್ತರವೇ ಬಂದಿತು.

ಕಾರಣವನ್ನು ಅವರು ಹೀಗೆ ವಿವರಿಸಿದರು. ನಾವು ಮಲಗಿದಾಗ, ಅದರಲ್ಲಿಯೂ ಕನಸು ಕಾಣುವ ನಿದ್ರೆಯಲ್ಲಿ, ಎದೆಯ ಇತರ ಸ್ನಾಯುಗಳು ಸಡಿಲಗೊಂಡು ಉಸಿರಾಟದ ಭಾರವೆಲ್ಲ ವಪೆಯೆಂಬ ಸ್ನಾಯುವಿನ ಮೇಲೆ ಬೀಳುತ್ತದೆ. ಅದೇ ದುರ್ಬಲವಾದರೆ ಇಂಗಾಲದ ಡೈ ಆಕ್ಸೈಡ್ ರಕ್ತದಲ್ಲಿ ಉಳಿಯುತ್ತದೆ. ಆಗ ಮಿದುಳು ರೋಗಿಯನ್ನು ಮತ್ತೆ ಮತ್ತೆ ಎಬ್ಬಿಸುತ್ತದೆ. ಹಾಗಾಗಿ ಆ ಎಚ್ಚರವೇ ಅವನ ಕಾವಲುಗಾರ. ಉಸಿರನ್ನು ಪರೀಕ್ಷಿಸದೆ ನಿದ್ರೆಯ ಗುಳಿಗೆ ಕೊಡುವುದೆಂದರೆ ಕಾವಲುಗಾರನ ಬಾಯಿ ಕಟ್ಟಿದಂತೆ.

ಡಯಾಜೆಪಾಮ್, ಆಲ್ಪ್ರಜೋಲಾಮ್, ನೈಟ್ರಜೆಪಾಮ್‌ಗಳಂಥ ಗುಳಿಗೆಗಳು ಸ್ನಾಯುಗಳನ್ನು ಸಡಿಲಿಸಿ ಉಸಿರಾಟವನ್ನು ಕುಗ್ಗಿಸಬಲ್ಲವು. 2014ರಿಂದ ಇವನ್ನೂ ಜೋಲ್ಪಿಡೆಮನ್ನೂ ‘ಎಚ್1’ ಪಟ್ಟಿಗೆ ಸೇರಿಸಿರುವುದರಿಂದ ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಮದ್ಯವೂ ಇದೇ ಅಪಾಯವನ್ನು ತರುತ್ತದೆ. ಆದರೆ ಬಹುದಿನಗಳಿಂದ ಇಂಥ ಗುಳಿಗೆ ಸೇವಿಸುತ್ತಿರುವವರು ಒಮ್ಮೆಲೇ ನಿಲ್ಲಿಸಬಾರದು, ಸೆಳೆತ ಬರಬಹುದು. ವೈದ್ಯರ ಸಲಹೆಯಂತೆ ಮೆಲ್ಲಮೆಲ್ಲನೆ ಇಳಿಸಬೇಕು.

ಮಯಸ್ತೇನಿಯಾ ಗ್ರೇವಿಸ್ ಎಂಬುದು ಇದೇ ಬಳಗದ ಇನ್ನೊಂದು ರೋಗ. ದೇಹದ ರಕ್ಷಣಾ ಶಕ್ತಿಯೇ ದಾರಿ ತಪ್ಪಿ, ನರದ ಸಂದೇಶ ಸ್ನಾಯುವನ್ನು ಮುಟ್ಟದಂತೆ ತಡೆಯುತ್ತದೆ. 1934ರಲ್ಲಿ ಇಂಗ್ಲೆಂಡಿನ ವೈದ್ಯೆ ಮೇರಿ ವಾಕರ್ ಇದಕ್ಕೆ ಪರಿಣಾಮಕಾರಿ ಔಷಧಿಯ ದಾರಿ ತೋರಿದರು. ಈ ರೋಗಿಗಳಿಗೆ ಮತ್ತೊಂದು ಎಚ್ಚರಿಕೆ ಬೇಕು: ನಿದ್ರೆಗೆಂದು ಅಂಗಡಿಗಳಲ್ಲಿ ಸಿಗುವ ಮೆಗ್ನೀಸಿಯಂ ಗುಳಿಗೆ ಇವರ ದೌರ್ಬಲ್ಯವನ್ನು ಹೆಚ್ಚಿಸಬಲ್ಲದು. ಗಿಡಮೂಲಿಕೆಯೆಂದ ಮಾತ್ರಕ್ಕೆ ಯಾವುದೂ ನಿರಪಾಯವಲ್ಲ. ಅದನ್ನೂ ವೈದ್ಯರಿಗೆ ತಿಳಿಸಿಯೇ ಸೇವಿಸಬೇಕು. ಇವರಲ್ಲಿ ಅನೇಕರಿಗೆ ಕೊಡುವ ಪ್ರೆಡ್ನಿಸೊಲೋನ್ ಸಹ ನಿದ್ರೆಗೆಡಿಸುತ್ತದೆ. ಅದನ್ನು ಬೆಳಿಗ್ಗೆಯೇ ತೆಗೆದುಕೊಳ್ಳಬಹುದೆ ಎಂದು ವೈದ್ಯರನ್ನು ಕೇಳುವುದು ಲೇಸು.

ಹಾಗಾದರೆ ನಿರಪಾಯವಾದ ಸಹಾಯ ಯಾವುದು? ಮೊದಲು ಕುಳಿತಾಗಲೂ ಮಲಗಿದಾಗಲೂ ಉಸಿರಿನ ಬಲವನ್ನು ಅಳೆಯಿಸಬೇಕು. ರಾತ್ರಿಯ ಉಸಿರಾಟದ ಪರೀಕ್ಷೆಯೂ ಆಗಬೇಕು. 1974ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ನಿಮ್ಹಾನ್ಸ್ ಇಂಥ ರೋಗಗಳ ಚಿಕಿತ್ಸೆಗೆ ಹೆಸರಾಗಿದೆ. ಉಸಿರು ಸಾಲದಿದ್ದರೆ ಮುಖಕ್ಕೆ ಮಾಸ್ಕ್ ಹಾಕಿ ಗಾಳಿಯನ್ನು ಒತ್ತಿ ಕೊಡುವ ಬೈಪ್ಯಾಪ್ ಯಂತ್ರವೇ ಅವರಿಗೆ ನಿಜವಾದ ನಿದ್ರೌಷಧ. ಬರಿಯ ಆಮ್ಲಜನಕದ ಸಿಲಿಂಡರ್ ಇದಕ್ಕೆ ಬದಲಲ್ಲ. ಉಸಿರಾಟಕ್ಕೆ ಆಸರೆಯಿಲ್ಲದೆ ಅದೊಂದನ್ನೇ ಕೊಟ್ಟರೆ ಇಂಗಾಲದ ಡೈ ಆಕ್ಸೈಡ್ ಇನ್ನಷ್ಟು ಏರಬಹುದು. ನಮ್ಮ ಹಳ್ಳಿಗಳಲ್ಲಿ ಕರೆಂಟು ಹೋಗುವುದುಂಟಾದ್ದರಿಂದ ಯಂತ್ರಕ್ಕೆ ಬ್ಯಾಟರಿಯ ಆಸರೆಯೂ ಇರಲಿ.

ಇದರೊಡನೆ ತಲೆಯ ಕಡೆ ಹಾಸಿಗೆಯನ್ನು ಎತ್ತರಿಸುವುದು, ಮಗ್ಗುಲು ಬದಲಿಸುವುದು, ನೋವಿರುವಲ್ಲಿ ಮೆತ್ತನೆಯ ದಿಂಬು ಕೊಡುವುದು ಮನೆಯವರೇ ಮಾಡಬಹುದಾದ ಸೇವೆ. ತಾನಾಗಿ ಹೊರಳಲಾರದವನಿಗೆ ಒಂದು ಮಗ್ಗುಲಿನ ನೋವೇ ನಿದ್ರೆಯ ಶತ್ರು. ಆ ಸೇವೆಯನ್ನು ತಾಯಿಯೊಬ್ಬಳ ಪಾಲಿಗೇ ಬಿಡದೆ ಮನೆಮಂದಿಯೆಲ್ಲ ಸರದಿಯಂತೆ ಹಂಚಿಕೊಳ್ಳಬೇಕು.

ಮರುವರ್ಷ ಅದೇ ಮನೆಗೆ ಹೋದಾಗ ಮಗನ ಮಂಚದ ಬಳಿ ಯಂತ್ರವಿತ್ತು. ರೋಗ ವಾಸಿಯಾಗಿರಲಿಲ್ಲ, ಆದರೆ ಬೆಳಗಿನ ತಲೆನೋವು ಹೋಗಿತ್ತು. ರಾತ್ರಿಯ ಮೊದಲ ಸರದಿ ಈಗ ತಂದೆಯದಂತೆ. ತಾಯಿ ಹೇಳಿದಳು: “ಈಗ ನಾನೂ ಒಂದೀಟು ಮಲಗ್ತೀನ್ರಿ.”