ಡಯಾಲಿಸಿಸ್‌ಗೆ ಗಾಡಿ: ಮೊದಲೇ ಗೊತ್ತುಮಾಡಿ, ಬರೆದಿಡಿ

ಹಳ್ಳಿಯಲ್ಲಿ ಕಿಡ್ನಿ ಕೆಟ್ಟವರ ಮನೆಗೆ ಚಿಕಿತ್ಸೆಗಿಂತ ಗಾಡಿಯ ಚಿಂತೆಯೇ ದೊಡ್ಡದು. ಡಯಾಲಿಸಿಸ್ ವಾರಕ್ಕೆ ಎರಡೋ ಮೂರೋ ಸಲ, ಸಲಕ್ಕೆ ಸುಮಾರು 4 ಗಂಟೆ. 2016ರಲ್ಲಿ ಶುರುವಾದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಲ್ಲಿ ಬಿಪಿಎಲ್ ಕಾರ್ಡಿನವರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಇದು ಪುಕ್ಕಟೆ. ಆದರೆ ಅಲ್ಲಿಗೆ ಹೋಗಿಬರೋದನ್ನು ನಾವೇ ನೋಡಿಕೊಳ್ಳಬೇಕು. ಸರದಿ ತಪ್ಪಿದರೆ ಮೈಯಲ್ಲಿ ನೀರು ತುಂಬುತ್ತದೆ, ರಕ್ತದಲ್ಲಿ ಪೊಟ್ಯಾಸಿಯಂ ಏರಿ ಗುಂಡಿಗೆಯೇ ನಿಲ್ಲಬಹುದು. ಮಳೆ ತಪ್ಪಿದರೆ ಮುಂದಿನ ಮಳೆ ಅನ್ನಬಹುದು, ಇದಕ್ಕೆ ಹಾಗನ್ನೋ ಹಾಗಿಲ್ಲ.

ನಮ್ಮ ರಾಜ್ಯದಲ್ಲಿ 2008ರಿಂದ ಓಡುತ್ತಿರುವ 108 ಗಾಡಿ ಇರೋದು ತುರ್ತಿಗೆ. ದಿನ ಗೊತ್ತಿರುವ ಓಡಾಟಕ್ಕೆ ಅದನ್ನು ನೆಚ್ಚಬಾರದು. ದಾರಿಯಲ್ಲಿ ಉಸಿರು ಕಟ್ಟಿದರೆ, ಎದೆನೋವು ಬಂದರೆ ಮಾತ್ರ ತಡಮಾಡದೆ 108ಕ್ಕೆ ಫೋನ್ ಮಾಡಿ.

ನಮ್ಮ ಮನೆಯವಳಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ನಾವು ಅನುಸರಿಸುವ ಕ್ರಮ ಹೀಗಿದೆ.

1. ಸರದಿಯ ವಾರ, ಹೊತ್ತು ಆಸ್ಪತ್ರೆಯಲ್ಲಿ ಬರೆಸಿಕೊಳ್ಳಿ. ಸುತ್ತಲ ಊರಿನ ರೋಗಿಗಳು ಯಾರೆಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಎಲ್ಲರಿಗೂ ಒಂದೇ ಸರದಿ ಸಿಕ್ಕರೆ ಒಂದೇ ಗಾಡಿ ಸಾಕು. ಬಾಡಿಗೆ 900 ರೂಪಾಯಿ ಅಂದುಕೊಳ್ಳಿ, ತಿಂಗಳಿಗೆ 8 ಸಲಕ್ಕೆ 7,200 ಆಯಿತು. ಮೂರು ಮನೆ ಸೇರಿದರೆ ಮನೆಗೆ 2,400 ಅಷ್ಟೇ.

2. ಬಾಡಿಗೆ ಮಾತಾಡುವಾಗ ಕಾಯೋದು, ವಾಪಸು ಬರೋದು ಎರಡನ್ನೂ ಸೇರಿಸಿ. ಡಯಾಲಿಸಿಸ್ ಮುಗಿಸಿದವರಿಗೆ ಬಿಪಿ ಇಳಿದು ತಲೆ ಸುತ್ತುವುದುಂಟು. ಅವರನ್ನು ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಿಸಬಾರದು.

3. ಹಿಂದಿನ ದಿನ ಸಂಜೆಯೇ ಡ್ರೈವರಿಗೆ ಫೋನ್ ಮಾಡಿ ನೆನಪಿಸಿ. ಮದುವೆ, ಜಾತ್ರೆ, ಶೇಂಗಾ ಕೀಳುವ ದಿನಗಳಲ್ಲಿ ಗಾಡಿ ಸಿಗೋದು ಕಷ್ಟ. ಇನ್ನೊಬ್ಬ ಡ್ರೈವರಿನ ನಂಬರೂ ಗೋಡೆ ಮೇಲಿರಲಿ.

4. ಒಂದು ನೋಟ್‌ಬುಕ್ಕಿಡಿ. ತಾರೀಖು, ಹೊರಟ ಹೊತ್ತು, ಆಸ್ಪತ್ರೆ ಮುಟ್ಟಿದ್ದು, ಮೆಷಿನ್ ಹಾಕಿದ್ದು, ತೆಗೆದದ್ದು, ಮನೆ ಸೇರಿದ್ದು, ಬಾಡಿಗೆ, ಇಷ್ಟು ಬರೆದರೆ ಸಾಕು. ತಿಂಗಳಾದ ಮೇಲೆ ನೋಡಿದರೆ ಹೊತ್ತು ಎಲ್ಲಿ ಸೋರುತ್ತಿದೆ ಅಂತ ಗೊತ್ತಾಗುತ್ತದೆ. ಬಾಡಿಗೆ ಲೆಕ್ಕದಲ್ಲಿ ಡ್ರೈವರಿನ ಜೊತೆ ಮಾತೂ ಬೆಳೆಯೋದಿಲ್ಲ.

5. ಜೊತೆಗೆ ಹೋದವರು ಆಸ್ಪತ್ರೆ ಮುಟ್ಟಿದಾಗ, ಮೆಷಿನ್ ತೆಗೆದಾಗ, ವಾಪಸು ಹೊರಟಾಗ ಮನೆಗೆ ಫೋನ್ ಮಾಡಲಿ. ವಾಟ್ಸಾಪ್ ಇದ್ದರೆ ಲೊಕೇಶನ್ ಕಳಿಸಿದರೂ ಆದೀತು, ಗಾಡಿ ಎಲ್ಲಿದೆ ಅಂತ ಕೂತಲ್ಲೇ ಕಾಣುತ್ತದೆ.

ಬಸ್ಸಿನ ಹೊತ್ತು ಹೊಂದಿದರೆ, 2023ರ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ. ಹೋಗುವಾಗ ಬಸ್ಸು, ಬರುವಾಗ ಗಾಡಿ ಅಂತಲೂ ಮಾಡಿಕೊಳ್ಳಬಹುದು.

ನಿಮ್ಮೂರಲ್ಲಿ ಇದಕ್ಕಿಂತ ಸಲೀಸಾದ ಏರ್ಪಾಡಿದ್ದರೆ ಪತ್ರಿಕೆಗೆ ಬರೆಯಿರಿ. ಇನ್ನಷ್ಟು ಮನೆಗಳಿಗೆ ಅನುಕೂಲವಾದೀತು.