ಸುಲಿಯುವ ಯಂತ್ರಕ್ಕೊಂದು ಸಾಲ, ಸುಲಿದ ಅಡಿಕೆಗೊಂದು ಸಾಲ

ಶಿವಮೊಗ್ಗದಿಂದ ಉಂಬ್ಳೇಬೈಲಿನ ಕಾಡು ದಾಟಿ ನರಸಿಂಹರಾಜಪುರದ ಕಡೆಗೆ ಹೊರಟರೆ ಮುತ್ತಿನಕೊಪ್ಪ ಸಿಗುತ್ತದೆ. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಈ ಸೀಮೆಯಲ್ಲಿ ರಾತ್ರಿ ಓಡಾಡಿದವರಿಗೆ ಗೊತ್ತು, ಮನೆಯ ದೀಪ ಕಾಣುವ ಮೊದಲೇ ಚೊಗರು ಕುದಿಯುವ ಒಗರು ವಾಸನೆ ಮೂಗಿಗೆ ಬಡಿಯುತ್ತದೆ. ಅದರ ಹಿಂದೆಯೇ ಸುಲಿಯುವ ಮಷಿನ್ನಿನ ಗಡಗಡ ಸದ್ದು. ಕೊಪ್ಪ, ಶೃಂಗೇರಿ, ಎನ್.ಆರ್.ಪುರ, ಮೂರೂ ತಾಲ್ಲೂಕುಗಳ ಚಳಿಗಾಲಕ್ಕೆ ಇದೇ ವಾಸನೆ, ಇದೇ ಸದ್ದು.

ಹಿಂದೆ ಈ ಕೆಲಸ ಮೆಟ್ಟುಗತ್ತಿಯದಾಗಿತ್ತು. ಹತ್ತಾರು ಹೆಂಗಸರು ಸಾಲಾಗಿ ಕೂತು, ಲಾಟೀನಿನ ಬೆಳಕಲ್ಲಿ ಮಧ್ಯರಾತ್ರಿಯವರೆಗೆ ಸುಲಿಯುತ್ತಿದ್ದರು. ಈಗ ಮೇಲೊಂದು ಹಾಪರ್, ಅದಕ್ಕೆ ಗೋಣಿಗಟ್ಟಲೆ ಹಸಿ ಅಡಿಕೆ ಸುರಿದರೆ ಕಾಯಿಗಳು ಸಾಲುಗಟ್ಟಿ ಕೆಳಗಿಳಿಯುತ್ತವೆ. ಇಳಿದು, ತಿರುಗುವ ಹಲ್ಲಿನ ಚಕ್ರಕ್ಕೂ ಅದರೆದುರು ಸ್ಪ್ರಿಂಗಿನ ಬಲದಲ್ಲಿ ಒತ್ತಿ ನಿಂತ ತಟ್ಟೆಗೂ ನಡುವಿನ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಅಡಿಕೆ ಸಿಪ್ಪೆಯ ನಾರು ಉದ್ದುದ್ದಕ್ಕೆ ಹೆಣೆದಿರುವುದರಿಂದ ಹಲ್ಲು ಒಮ್ಮೆ ಹೊಕ್ಕು ಎಳೆದರೆ ಸಿಪ್ಪೆ ಸೀಳಿ ಬಿಚ್ಚಿಕೊಳ್ಳುತ್ತದೆ, ಒಳಗಿನ ಬೀಜ ಜಾರಿ ಹೊರಬೀಳುತ್ತದೆ. ತಯಾರಕರು ಬೇರೆಯಾದಂತೆ ವಿನ್ಯಾಸವೂ ಸ್ವಲ್ಪ ಬೇರೆ, ತತ್ವ ಮಾತ್ರ ಹೆಚ್ಚುಕಡಿಮೆ ಇದೇ. ಸ್ಪ್ರಿಂಗ್ ಯಾಕೆ ಬೇಕು? ಒಂದೇ ಗೊನೆಯಲ್ಲೂ ಕಾಯಿಗಳ ಗಾತ್ರ ಒಂದೇ ಇರುವುದಿಲ್ಲ. ಸಂದಿ ಬಿಗಿಯಾಗಿ ಒಂದೇ ಅಳತೆಗೆ ನಿಂತರೆ ದಪ್ಪ ಕಾಯಿ ಜಜ್ಜಿಹೋಗುತ್ತದೆ, ಸಣ್ಣದು ಸುಲಿಯದೆ ದಾಟಿಹೋಗುತ್ತದೆ. ಸ್ಪ್ರಿಂಗ್ ಹಿಂದೆ ಸರಿದು ದಪ್ಪದ್ದಕ್ಕೆ ಜಾಗ ಬಿಡುತ್ತದೆ, ಮುಂದೆ ಬಂದು ಸಣ್ಣದನ್ನು ಒತ್ತುತ್ತದೆ.

ನನಗೆ ಹೆಚ್ಚು ಇಷ್ಟವಾದ ಭಾಗ ಹಾಪರ್. ಅಡಿಕೆ ಬರುವುದು ಹೊರೆಹೊರೆಯಾಗಿ: ಒಮ್ಮೆ ಪಿಕಪ್ ತುಂಬ ಬರುತ್ತದೆ, ಮತ್ತೆ ಎರಡು ಗಂಟೆ ಏನೂ ಇಲ್ಲ. ಚಕ್ರ ತಿರುಗುವುದಾದರೆ ಒಂದೇ ಸಮನೆ. ಏರುಪೇರಾಗಿ ಬರುವ ಮಾಲಿಗೂ ಸಮವಾಗಿ ತಿರುಗುವ ಚಕ್ರಕ್ಕೂ ನಡುವೆ ನಿಂತು ಆ ಏರುಪೇರನ್ನು ನುಂಗಿಕೊಳ್ಳುವುದು ಹಾಪರಿನ ಕೆಲಸ. ಕಂಪನಿಗಳು ಎರಡು ಬಗೆಯ ಸಾಲ ಯಾಕೆ ಇಟ್ಟುಕೊಳ್ಳುತ್ತವೆ ಎಂಬುದು ನನಗೆ ಸರಿಯಾಗಿ ಅರ್ಥವಾದದ್ದು ಇಂಥದೊಂದು ಹಾಪರಿನ ಮುಂದೆ ನಿಂತಾಗ. ಶೆಡ್ಡಿನ ಯಜಮಾನರು ಹೇಳಿದ್ದು ಎರಡೇ ಮಾತು: "ಟರ್ಮ್ ಲೋನು ಕಬ್ಬಿಣಕ್ಕೆ, ಸಿಸಿ ಅಡಿಕೆಗೆ. ಅದಲುಬದಲು ಮಾಡಿದ್ರೆ ಮುಗೀತು ಮಾರಾಯ್ರೆ."

ಈ ಶೆಡ್ಡನ್ನೇ ಒಂದು ಪುಟ್ಟ ಕಂಪನಿ ಎಂದು ನೋಡೋಣ. ಲೆಕ್ಕಕ್ಕಾಗಿ, ಶೆಡ್ಡು, ಮಷಿನ್, ಒಲೆ, ಡ್ರೈಯರ್ ಸೇರಿ 20 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ. ಇವೆಲ್ಲ ಹತ್ತು ವರ್ಷವಾದರೂ ಬಾಳುವ ವಸ್ತುಗಳು. ತಮ್ಮ ಬೆಲೆಯನ್ನು ತಾವೇ ದುಡಿದು ತೀರಿಸುತ್ತವೆ, ಆದರೆ ನಿಧಾನವಾಗಿ, ಪ್ರತಿ ಕೊಯ್ಲಿಗೆ ಒಂದಿಷ್ಟರಂತೆ. ಹಾಗಾಗಿ ಬ್ಯಾಂಕು ಇವಕ್ಕೆ ಅವಧಿ ಸಾಲ, ಅಂದರೆ ಟರ್ಮ್ ಲೋನು, ಕೊಡುತ್ತದೆ: 15 ಲಕ್ಷ ಬ್ಯಾಂಕಿನದು, 5 ಲಕ್ಷ ಯಜಮಾನರದು. ಐದೋ ಏಳೋ ವರ್ಷದ ಕಂತು. ಮಷಿನ್ ಓಡುವುದೇ ವರ್ಷದಲ್ಲಿ ನಾಲ್ಕು ತಿಂಗಳಾದ್ದರಿಂದ ತಿಂಗಳ ಕಂತಿನ ಬದಲು ಫಸಲಿನ ಹಣ ಕೈಸೇರುವ ಹೊತ್ತಿಗೆ ಕಂತು ಬರುವಂತೆ ಕೇಳಿಕೊಳ್ಳುವುದು ಜಾಣತನ. ಕೇಳಿದರೆ ಒಪ್ಪುವ ಮ್ಯಾನೇಜರುಗಳಿದ್ದಾರೆ. ಕೇಳದೆ ಸಹಿ ಹಾಕಿ ಜೂನ್ ತಿಂಗಳ ಮಳೆಯಲ್ಲಿ ಕಂತಿಗೆ ತಡಕಾಡುವವರೇ ಹೆಚ್ಚು.

ಅಡಿಕೆಯ ಬಾಳು ಬೇರೆ ಥರ. ಸುಗ್ಗಿಯಲ್ಲಿ ಬೆಳೆಗಾರರಿಂದ ಹಸಿ ಅಡಿಕೆ ಕೊಳ್ಳಬೇಕು, ತೋಟವನ್ನೇ ಚೇಣಿಗೆ ಹಿಡಿದಿದ್ದರೆ ಮುಂಗಡ ಕೊಡಬೇಕು. ಕೊನೆಗಾರನಿಗೆ ಸಂಬಳ, ಸುಲಿಯುವವರಿಗೆ ಕೂಲಿ, ಒಲೆಗೆ ಸೌದೆ. ಇವೆಲ್ಲ ನಗದು. ಬೇಯಿಸಿ ಒಣಗಿಸಿ ವಿಂಗಡಿಸಿ ಮಂಡಿಗೆ ಹಾಕಿ, ದರ ನೋಡಿ ಮಾರಿ, ಹಣ ಬರುವಷ್ಟರಲ್ಲಿ ಎರಡು ತಿಂಗಳೂ ಆಗಬಹುದು, ಐದೂ ಆಗಬಹುದು. ಹೋದ ಹಣ ತಿರುಗಿ ಬರುವ ನಡುವಿನ ಈ ಖಾಲಿ ಜಾಗವನ್ನು ತುಂಬುವ ಹಣವನ್ನೇ ಲೆಕ್ಕಿಗರು ದುಡಿಯುವ ಬಂಡವಾಳ ಎನ್ನುತ್ತಾರೆ. ಇದಕ್ಕಾಗಿಯೇ ಕ್ಯಾಶ್ ಕ್ರೆಡಿಟ್ ಖಾತೆ, ಎಲ್ಲರ ಬಾಯಲ್ಲಿ ಸಿಸಿ. ಬ್ಯಾಂಕು ಒಂದು ಮಿತಿ ಗೊತ್ತುಮಾಡುತ್ತದೆ, 30 ಲಕ್ಷ ಎನ್ನೋಣ. ಅದರೊಳಗೆ ಬೇಕಾದಾಗ ತೆಗೆಯಬಹುದು, ಬಂದಾಗ ಕಟ್ಟಬಹುದು, ಮತ್ತೆ ತೆಗೆಯಬಹುದು. ಬಡ್ಡಿ ಬಳಸಿದಷ್ಟಕ್ಕೆ, ಬಳಸಿದಷ್ಟು ದಿನಕ್ಕೆ ಮಾತ್ರ. ಶೇ. 10ರ ಬಡ್ಡಿಯಲ್ಲಿ 30 ಲಕ್ಷವನ್ನು ನಾಲ್ಕು ತಿಂಗಳು ಬಳಸಿದರೆ ಒಂದು ಲಕ್ಷ ಬಡ್ಡಿ. ಅಷ್ಟೇ ಹಣವನ್ನು ಅವಧಿ ಸಾಲವಾಗಿ ತಂದು ವರ್ಷವಿಡೀ ಇಟ್ಟುಕೊಂಡಿದ್ದರೆ ಮೂರು ಲಕ್ಷ. ಹಣದ ಹಾಪರ್ ಎಂದರೆ ಇದು.

ಇಲ್ಲಿ ರಸಾಯನ ವಿಜ್ಞಾನವೂ ತಲೆಹಾಕುತ್ತದೆ. ಹಸಿ ಅಡಿಕೆಯನ್ನು ಅಡವು ಹಿಡಿಯುವ ಬ್ಯಾಂಕಿಲ್ಲ. ಗುಡ್ಡೆ ಹಾಕಿದ ಹಸಿ ಕಾಯಿ ತನ್ನ ಉಸಿರಾಟದಿಂದಲೇ ಬಿಸಿಯೇರಿ ಕೆಲವೇ ದಿನಗಳಲ್ಲಿ ಬಣ್ಣಗೆಟ್ಟು, ಬೂಸಲು ಹಿಡಿಯುತ್ತದೆ. ಸುಲಿದು ಬೇಯಿಸಿದಾಗ ಒಳಗಿನ ಕಿಣ್ವಗಳ ಕೆಲಸ ನಿಲ್ಲುತ್ತದೆ, ನೀರಿಗಿಳಿದ ಟ್ಯಾನಿನ್ ಕುದಿದು ದಪ್ಪಗಾಗಿ ಚೊಗರಾಗುತ್ತದೆ, ಅದೇ ಚೊಗರು ಅಡಿಕೆಗೆ ಕೆಂಪು ಹೊಳಪಿನ ಕವಚವನ್ನೂ ಕೊಡುತ್ತದೆ. ಆಮೇಲೆ ವಾರದ ಬಿಸಿಲು. ಒಂದು ಕ್ವಿಂಟಲ್ ಹಸಿ ಅಡಿಕೆ ಸುಮಾರು 12–13 ಕಿಲೋ ಒಣ ಅಡಿಕೆಯಾಗಿ ಕುಗ್ಗುತ್ತದೆ, ಆದರೆ ಚೀಲದಲ್ಲಿ ಕಟ್ಟಿ ತೇವ ತಾಗದಂತೆ ಇಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಕೆಡದ ಮಾಲು ಎಣಿಸಬಹುದಾದ ಮಾಲು, ಎಣಿಸಬಹುದಾದದ್ದರ ಮೇಲೆ ಸಾಲ ಹುಟ್ಟುತ್ತದೆ. ಮಲೆನಾಡಿನಲ್ಲಿ ಅಡಿಕೆಯ ಸುತ್ತ ಇಷ್ಟು ಹಳೆಯ ಸಾಲದ ವ್ಯವಹಾರ ಬೆಳೆದದ್ದು ಹಂಡೆಯ ಈ ರಸಾಯನದಿಂದ ಎಂದೇ ನನ್ನ ಎಣಿಕೆ. ಮಂಡಿ ಯಜಮಾನರು ಮಳೆಗಾಲದಲ್ಲಿ ಮುಂಗಡ ಕೊಟ್ಟು ಸುಗ್ಗಿಯಲ್ಲಿ ಮಾಲು ಹಾಕಿಸಿಕೊಳ್ಳುತ್ತಿದ್ದದ್ದು ಬ್ಯಾಂಕಿಲ್ಲದ ಕಾಲದ ಸಿಸಿ ಖಾತೆಯೇ, ಬಡ್ಡಿಯ ದರ ಮತ್ತು ತೂಕದ ಹಕ್ಕು ಒಂದೇ ಕೈಯಲ್ಲಿದ್ದವು ಎಂಬುದಷ್ಟೇ ಅದರ ದೋಷ. ಆ ಕೈಯಿಂದ ಬಿಡಿಸಿಕೊಳ್ಳಲೆಂದೇ ಶಿರಸಿಯಲ್ಲಿ 1923ರಲ್ಲಿ ತೋಟಗಾರರ ಸೇಲ್ ಸೊಸೈಟಿ ಹುಟ್ಟಿತು, ಶಿವಮೊಗ್ಗದಲ್ಲಿ ಮ್ಯಾಮ್‌ಕೋಸ್ ಬಂತು, ದರ ಕುಸಿದ ಸಂಕಟದ ನಡುವೆ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಶುರುವಾಯಿತು. ಈ ಸಂಘಗಳಿಗೂ ನಮ್ಮ ಶೆಡ್ಡಿನದೇ ಪ್ರಶ್ನೆ: ರೈತನಿಗೆ ಹಣ ಬೇಗ ಕೊಡಬೇಕು, ಉತ್ತರ ಭಾರತದ ವ್ಯಾಪಾರಿಯಿಂದ ಬರುವುದು ತಡವಾಗಿ.

ಸಿಸಿಯ 30 ಲಕ್ಷ ಎಲ್ಲಿಂದ ಬಂತು? ಸಣ್ಣ ಉದ್ದಿಮೆಗಳಿಗೆ ನಾಯಕ್ ಸಮಿತಿ ಹಾಕಿಕೊಟ್ಟ ಲೆಕ್ಕ 1990ರ ದಶಕದಿಂದ ಬ್ಯಾಂಕುಗಳಲ್ಲಿ ಬಳಕೆಯಲ್ಲಿದೆ: ವರ್ಷದ ಅಂದಾಜು ವಹಿವಾಟಿನ ಶೇ. 20ರಷ್ಟು. ಒಂದೂವರೆ ಕೋಟಿ ವಹಿವಾಟಿಗೆ 30 ಲಕ್ಷ. ಮಿತಿ ಮಂಜೂರಾದ ಮಾತ್ರಕ್ಕೆ ಅಷ್ಟೂ ತೆಗೆಯಬಹುದು ಎಂದಲ್ಲ. ಪ್ರತಿ ತಿಂಗಳು ಸ್ಟಾಕ್ ಸ್ಟೇಟ್‌ಮೆಂಟ್ ಕೊಡಬೇಕು. ಗೋದಾಮಿನಲ್ಲಿ 40 ಲಕ್ಷದ ಅಡಿಕೆ ಇದ್ದರೆ, ಕಾಲುಭಾಗ ಮಾರ್ಜಿನ್ ಕಳೆದು 30 ಲಕ್ಷಕ್ಕೆ ಡ್ರಾಯಿಂಗ್ ಪವರ್ ಸಿಗುತ್ತದೆ. ಈಗ ದರ ಐದರಲ್ಲಿ ಒಂದು ಪಾಲು ಕುಸಿಯಿತು ಎನ್ನಿ. ಚೀಲ ಅಷ್ಟೇ ಇವೆ, ಬೆಲೆ ಮಾತ್ರ 32 ಲಕ್ಷ. ಡ್ರಾಯಿಂಗ್ ಪವರ್ 24ಕ್ಕೆ ಇಳಿಯುತ್ತದೆ. ಆಗಲೇ 30 ತೆಗೆದಿದ್ದವನು 6 ಲಕ್ಷ ಹಿಂದಕ್ಕೆ ಕಟ್ಟಬೇಕು, ಅದಕ್ಕಾಗಿ ಬಿದ್ದ ದರದಲ್ಲೇ ಅಡಿಕೆ ಮಾರಬೇಕು. ಎಲ್ಲರೂ ಹಾಗೆ ಮಾರಿದರೆ ದರ ಇನ್ನೂ ಬೀಳುತ್ತದೆ. ದರ ಏರಿದಾಗ ಧಾರಾಳವಾಗಿ ಹಿಗ್ಗುವ ಸಿಸಿ, ಬಿದ್ದಾಗ ಕೊರಳು ಬಿಗಿಯುತ್ತದೆ. ಖಾತೆ ಸತತ 90 ದಿನ ಮಿತಿ ಮೀರಿ ನಿಂತರೆ ಬ್ಯಾಂಕಿನ ಪುಸ್ತಕದಲ್ಲಿ ಅದು ವಸೂಲಾಗದ ಸಾಲದ ಪಟ್ಟಿಗೆ ಸೇರುತ್ತದೆ. ಇಂಥ ಹೊತ್ತಿನಲ್ಲಿ ಕಾಪಾಡುವುದು ಸ್ವಂತ ಹಣ ಮಾತ್ರ. ಹಾಗಾಗಿ ಸಿಸಿ ಮಿತಿಯನ್ನು ಅಂಚಿನವರೆಗೆ ಬಳಸುವುದನ್ನು ನಾನು ಧೈರ್ಯವೆಂದು ಒಪ್ಪಲಾರೆ.

ಶೆಡ್ಡಿನ ಯಜಮಾನರು ಹೇಳಿದ ಅದಲುಬದಲು ಹೀಗಾಗುತ್ತದೆ: ಅವಧಿ ಸಾಲದ ಕಾಗದಪತ್ರಕ್ಕೆ ತಿಂಗಳುಗಟ್ಟಲೆ ಅಲೆಯಬೇಕು, ಸಿಸಿಯಲ್ಲಿ ಹಣ ಸಿದ್ಧವಿದೆ. ಯಾರೋ ಹೊಸ ಮಷಿನ್ ತೋರಿಸುತ್ತಾರೆ. ಸಿಸಿಯಿಂದ 15 ಲಕ್ಷ ತೆಗೆದು ಕೊಂಡುಬಿಡುತ್ತಾರೆ. ಸುಗ್ಗಿ ಬಂದಾಗ 30ರಲ್ಲಿ ಉಳಿದದ್ದು 15. ಉಳಿದರ್ಧ ಕಬ್ಬಿಣವಾಗಿ ಕೂತಿದೆ, ಅದನ್ನು ಚೀಲದಲ್ಲಿ ತುಂಬಿ ಮಂಡಿಗೆ ಹಾಕುವಂತಿಲ್ಲ. ಎರಡು ಪಟ್ಟು ಸುಲಿಯಬಲ್ಲ ಮಷಿನ್ ಇದೆ, ಕೊಳ್ಳಬಲ್ಲ ಅಡಿಕೆ ಅರ್ಧ. ನನ್ನ ಬಂಧುಗಳೊಬ್ಬರು ಹೀಗೇ ಮಾಡಿ ಎರಡು ಸುಗ್ಗಿ ಬೇರೆಯವರ ಅಡಿಕೆಯನ್ನು ಕೂಲಿಗೆ ಸುಲಿದುಕೊಟ್ಟರು. ಮಷಿನ್ ಒಳ್ಳೆಯದೇ ಆಗಿತ್ತು.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಸಂಗತಿಯನ್ನು ಅರಿಯಲು ಭದ್ರಾ ಹಿನ್ನೀರು ನೋಡಬೇಕು. ಎನ್.ಆರ್.ಪುರದವರಿಗೆ ಅದು ಪಕ್ಕದ ಮನೆಯಿದ್ದ ಹಾಗೆ. ಲಕ್ಕವಳ್ಳಿಯ ಅಣೆಕಟ್ಟೆ ತುಂಬಿದರೆ ಮಟ್ಟ 186 ಅಡಿ, ಬೇಸಿಗೆಯಲ್ಲಿ ಇಳಿಯುತ್ತಾ ಹೋಗುತ್ತದೆ. ಎಷ್ಟೇ ಇಳಿದರೂ ತೂಬಿನ ಕೆಳಗಿನ ನೀರು ಅಲ್ಲೇ ನಿಲ್ಲುತ್ತದೆ, ಅದು ಡೆಡ್ ಸ್ಟೋರೇಜ್. ಏರಿಳಿಯುವುದು ಅದರ ಮೇಲಿನದು. ವ್ಯಾಪಾರದ ಗೋದಾಮಿನಲ್ಲೂ ಹೀಗೆಯೇ. ಯಾವ ತಿಂಗಳು ನೋಡಿದರೂ ಒಂದಿಷ್ಟು ಸರಕು, ಒಂದಿಷ್ಟು ಬಾಕಿ ಇದ್ದೇ ಇರುತ್ತದೆ. ಹೆಸರಿಗೆ ಅದು ಚಲಿಸುವ ಮಾಲು, ನಿಜದಲ್ಲಿ ಮಷಿನ್ನಿನಷ್ಟೇ ಅಚಲ. ರಿಸರ್ವ್ ಬ್ಯಾಂಕು ನೇಮಿಸಿದ ಟಂಡನ್ ಸಮಿತಿ 1975ರಲ್ಲಿ ಕೊಟ್ಟ ವರದಿಯಲ್ಲಿ ಈ ತಳದ ಭಾಗವನ್ನು ಬೇರೆಯಾಗಿ ಗುರುತಿಸಿ, ಅದನ್ನು ಕಂಪನಿ ತನ್ನ ದೀರ್ಘಾವಧಿ ಹಣದಿಂದಲೇ ಹೊರಬೇಕು ಎಂಬ ವಿಚಾರ ಮುಂದಿಟ್ಟಿತ್ತು. ಸಿಸಿ ಎಂದು ಕೊಟ್ಟ ಹಣ ಎಂದೂ ಹಿಂದೆ ಬಾರದೆ ಕಂಪನಿಗಳ ತಳದಲ್ಲಿ ನಿಂತುಹೋಗುತ್ತಿದ್ದದ್ದು ಬ್ಯಾಂಕುಗಳ ಚಿಂತೆಯಾಗಿತ್ತು. ಅದೇ ಚಿಂತೆಯ ಮುಂದುವರಿಕೆಯಾಗಿ, 150 ಕೋಟಿ ಮತ್ತು ಅದಕ್ಕೂ ಮೇಲಿನ ದುಡಿಯುವ ಬಂಡವಾಳದ ಮಿತಿಯುಳ್ಳ ದೊಡ್ಡ ಸಾಲಗಾರರು ಅದರಲ್ಲಿ ಕನಿಷ್ಠ ಶೇ. 60ನ್ನು ಗೊತ್ತಾದ ದಿನ ತೀರಿಸುವ ಸಾಲವಾಗಿಯೇ ಪಡೆಯಬೇಕೆಂಬ ನಿಯಮ 2019ರ ಜುಲೈನಿಂದ ಜಾರಿಯಲ್ಲಿದೆ. ಮಿತಿ ಪಡೆದು ಬಳಸದೆ ಬಿಟ್ಟರೆ ಅದಕ್ಕೂ ಕಮಿಟ್‌ಮೆಂಟ್ ಚಾರ್ಜ್ ವಿಧಿಸುವ ಬ್ಯಾಂಕುಗಳಿವೆ, ಅಡಿಕೆ ಇಲ್ಲದಾಗಲೂ ಹಾಪರಿಗೆ ಬಾಡಿಗೆ ಕೊಟ್ಟಂತೆ.

ದೊಡ್ಡ ಕಂಪನಿಗಳು ಬ್ಯಾಂಕಿನ ಆಚೆಗೂ ಹೋಗುತ್ತವೆ. ಡಿಬೆಂಚರ್ ಎಂಬ ಸಾಲಪತ್ರ ಬರೆದುಕೊಟ್ಟು ಹಣ ಎತ್ತುತ್ತವೆ. ನಮ್ಮ ಮಲೆನಾಡಿನ ಕಾಫಿ ತೋಟಗಳಿಂದ ಬೆಳೆದ ಕಾಫಿ ಡೇಯನ್ನು ಇಲ್ಲಿ ನೆನೆಯದೆ ಇರಲಾರೆ. 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ, 2015ರಲ್ಲಿ ಷೇರುಪೇಟೆ. ಕೆಫೆ, ಟೆಕ್ ಪಾರ್ಕ್, ಸಾಫ್ಟ್‌ವೇರ್ ಕಂಪನಿಯ ಷೇರು, ಎಲ್ಲವೂ ಬೆಲೆಯುಳ್ಳ, ನಿಧಾನವಾಗಿ ಫಲ ಕೊಡುವ ಆಸ್ತಿಗಳು. 2019ರಲ್ಲಿ ಆ ಸಾಫ್ಟ್‌ವೇರ್ ಕಂಪನಿ, ಮೈಂಡ್‌ಟ್ರೀಯ ಸುಮಾರು ಶೇ. 20ರ ಪಾಲು ಮಾರಾಟವಾಗಿ ಎಲ್ ಅಂಡ್ ಟಿ ಕೈಸೇರಿತು. ಅದೇ ವರ್ಷದ ಜುಲೈನಲ್ಲಿ ಸ್ಥಾಪಕ ವಿ.ಜಿ. ಸಿದ್ಧಾರ್ಥ ಅವರ ಸಾವಿನ ಸುದ್ದಿ ಮಲೆನಾಡನ್ನೇ ಕಲಕಿತು. ಆಮೇಲೆ ಟೆಕ್ ಪಾರ್ಕೂ ಮಾರಾಟವಾಗಿ ಸಾಲ ಬಹಳಷ್ಟು ಇಳಿಯಿತು. ಆ ಕಷ್ಟಕ್ಕೆ ಒಂದೇ ಕಾರಣ ಹುಡುಕುವುದು ಅನ್ಯಾಯ. ಆದರೆ ಷೇರುಪೇಟೆಗೆ ಆ ಕಂಪನಿ ಮೂರು ತಿಂಗಳಿಗೊಮ್ಮೆ ಸಲ್ಲಿಸಿದ ಬಾಕಿಯ ತಖ್ತೆಯಲ್ಲಿ ಎರಡು ಬೇರೆ ಸಾಲುಗಳಿರುತ್ತಿದ್ದವು: ಬ್ಯಾಂಕ್ ಸಾಲ ಮತ್ತು ಕ್ಯಾಶ್ ಕ್ರೆಡಿಟ್‌ನಂಥ ಸೌಲಭ್ಯಗಳದ್ದು ಒಂದು, ಡಿಬೆಂಚರ್‌ಗಳದ್ದು ಇನ್ನೊಂದು. 2024ರ ಆಗಸ್ಟ್‌ನಲ್ಲಿ ದಿವಾಳಿ ಪ್ರಕ್ರಿಯೆಗೆ ಆದೇಶವಾದದ್ದು ಡಿಬೆಂಚರಿನ ಸುಮಾರು 228 ಕೋಟಿ ಬಾಕಿಯ ಮೇಲೆ. ಮೇಲ್ಮನವಿ ನ್ಯಾಯಮಂಡಳಿ ಅದಕ್ಕೆ ತಡೆ ಕೊಟ್ಟು, 2025ರಲ್ಲಿ ಆದೇಶವನ್ನೇ ರದ್ದು ಮಾಡಿತು. ಸಾವಿರಾರು ಕೋಟಿಯ ಆಸ್ತಿ ಮಾರಿ ಸಾಲ ಇಳಿಸಿಕೊಂಡ ಸಂಸ್ಥೆಯೂ ಒಂದು ಗೊತ್ತಾದ ದಿನದ, ಒಂದು ಗೊತ್ತಾದ ಕಾಗದದ ಮುಂದೆ ನಿಲ್ಲಬೇಕಾಗುತ್ತದೆ. ಆಸ್ತಿಯ ಬೆಲೆ ಎಷ್ಟು ಎಂಬುದು ಒಂದು ಪ್ರಶ್ನೆ, ಅದು ಯಾವ ದಿನ ಹಣವಾಗುತ್ತದೆ ಎಂಬುದು ಬೇರೆಯೇ ಪ್ರಶ್ನೆ.

ಆಗಸ್ಟ್ ಕೊನೆಯಲ್ಲಿ ಮತ್ತೆ ಆ ಶೆಡ್ಡಿಗೆ ಹೋಗಿದ್ದೆ. ಮಳೆ ಇನ್ನೂ ಬಿಟ್ಟಿರಲಿಲ್ಲ. ಮಷಿನ್ನಿನ ಚಕ್ರ ಬಿಚ್ಚಿ ಚಾಪೆಯ ಮೇಲಿಟ್ಟು, ಸವೆದ ಹಲ್ಲುಗಳನ್ನು ಒಂದೊಂದೇ ಬದಲಿಸುತ್ತಿದ್ದರು. ಪಕ್ಕದ ಬೆಂಚಿನ ಮೇಲೆ, ಗ್ರೀಸ್ ತಾಗದಂತೆ ಪ್ಲಾಸ್ಟಿಕ್ ಕವರಿನಲ್ಲಿ, ಸಿಸಿ ನವೀಕರಣದ ಕಾಗದಗಳು. ಹಳೆಯ ಮಾಲೆಲ್ಲ ಮಾರಿ ಜುಲೈನಲ್ಲೇ ಖಾತೆಯನ್ನು ಸೊನ್ನೆಗೆ ತಂದಿದ್ದರಂತೆ. "ನಾಳೆ ಕೊಪ್ಪಕ್ಕೆ ಹೋಗ್ಬೇಕು, ಬ್ಯಾಂಕಿಗೆ" ಎಂದು ಸ್ಪ್ರಿಂಗನ್ನು ಬೆರಳಿನಿಂದ ಒತ್ತಿ ನೋಡಿದರು.