ಮಲಂಗಗಡವನ್ನು ನೋಡುತ್ತಾ ಓದಬೇಕಾದ ಪುಸ್ತಕಗಳು

ಡೊಂಬಿವಲಿ, ಕಲ್ಯಾಣ, ಅಂಬರನಾಥದ ಕಡೆ ಮನೆ ಮಾಡಿರುವ ಕನ್ನಡಿಗರಿಗೆ ಮಲಂಗಗಡ ಹೊಸದಲ್ಲ. ಮೋಡವಿಲ್ಲದ ದಿನ ಬಾಲ್ಕನಿಯಿಂದಲೇ ಅದರ ಮೊನಚು ಶಿಖರ ಕಾಣುತ್ತದೆ. ಮುಸ್ಲಿಮರಿಗೆ ಅದು ಯೆಮೆನ್‌ನಿಂದ ಬಂದರೆನ್ನಲಾದ ಸೂಫಿ ಹಾಜಿ ಮಲಂಗ್ ಬಾಬಾ ಅವರ ದರ್ಗಾ. ಅನೇಕ ಹಿಂದೂಗಳಿಗೆ ನಾಥಪಂಥದ ಮಚ್ಛಿಂದ್ರನಾಥರ ಸಮಾಧಿ. ಅಲ್ಲಿನ ವಹಿವಾಟು ತಲೆಮಾರುಗಳಿಂದ ನೋಡಿಕೊಂಡು ಬಂದದ್ದು ಕೇತ್ಕರ್ ಎಂಬ ಬ್ರಾಹ್ಮಣ ಮನೆತನ. ಉರುಸು ನಡೆಯುವುದು ಮಾಘ ಹುಣ್ಣಿಮೆಗೆ.

1980ರ ದಶಕದಿಂದ ಈ ಜಾಗ ಯಾರದು ಎಂಬ ಜಗಳ ಜೋರಾಗಿದೆ. 2024ರ ಜನವರಿಯಲ್ಲಿ ಅಂದಿನ ಮುಖ್ಯಮಂತ್ರಿ ಏಕನಾಥ ಶಿಂಧೆಯವರು ಮಲಂಗಗಡದ ಮುಕ್ತಿಯ ಮಾತೆತ್ತಿದ ಮೇಲೆ ಅದು ಮತ್ತೆ ಸುದ್ದಿಯಾಯಿತು. ಇಂಥ ಜಗಳದ ನಡುವೆ ವಿಶ್ವವಿದ್ಯಾಲಯದ ಸಂಶೋಧಕ ಏನು ಮಾಡಬಲ್ಲ? ಇದಕ್ಕೆ ಕನ್ನಡದಲ್ಲೇ ಒಳ್ಳೆಯ ಉತ್ತರವಿದೆ.

1991ರಲ್ಲಿ ಆರಂಭವಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ರಹಮತ್ ತರೀಕೆರೆ ಊರೂರು ಸುತ್ತಿ 'ಕರ್ನಾಟಕದ ಸೂಫಿಗಳು', 'ಕರ್ನಾಟಕದ ನಾಥಪಂಥ', 'ಕರ್ನಾಟಕದ ಮೊಹರಂ' ಎಂಬ ಪುಸ್ತಕಗಳನ್ನು ಬರೆದರು. ಅವರ ಕಣ್ಣು ಇದ್ದದ್ದು ಜನರ ನಡವಳಿಕೆಯ ಮೇಲೆ: ಇಲ್ಲಿಗೆ ಯಾರು ಬರುತ್ತಾರೆ, ಏನು ಹರಕೆ ಹೊರುತ್ತಾರೆ, ಯಾವ ಹಾಡು ಹಾಡುತ್ತಾರೆ. ಉತ್ತರ ಕರ್ನಾಟಕದಿಂದ ಬಂದವರಿಗೆ ಇದು ಚೆನ್ನಾಗಿ ಗೊತ್ತು. ಒಂದೂ ಮುಸ್ಲಿಂ ಮನೆಯಿಲ್ಲದ ಹಳ್ಳಿಗಳಲ್ಲೂ ಅಲಾವಿ ಕುಣಿ ತೋಡಿ, ಪಂಜಾ ಕೂರಿಸಿ, ಹೆಜ್ಜೆ ಹಾಕುವುದುಂಟು. ಮನೆಯಲ್ಲಿ ಅಜ್ಜಿ ಹೇಳಿದಾಗ ಅದು ನೆನಪು. ಸಂಶೋಧಕ ಊರು, ವಿಧಿ, ಹಾಡುಗಳ ಸಮೇತ ಬರೆದಿಟ್ಟಾಗ ಅದು ದಾಖಲೆ. ನಾಳೆ ಯಾರಾದರೂ 'ಹಾಗೆಲ್ಲ ಇರಲೇ ಇಲ್ಲ' ಎಂದರೆ ತೋರಿಸಲು ಅದು ಕೈಯಲ್ಲಿರುತ್ತದೆ.

ಕರಾವಳಿಯವರಿಗೂ ಮಚ್ಛಿಂದ್ರನಾಥರು ಅಪರಿಚಿತರಲ್ಲ. ಮಂಗಳೂರಿನ ಕದ್ರಿಯಲ್ಲಿ ಮಂಜುನಾಥನ ಗುಡಿಯ ಪಕ್ಕದಲ್ಲೇ ನಾಥರ ಜೋಗಿ ಮಠವಿದೆ. ಹನ್ನೆರಡು ವರ್ಷಕ್ಕೊಮ್ಮೆ, ನಾಸಿಕದ ಕುಂಭಮೇಳದ ನಂತರ, ನಾಥ ಯೋಗಿಗಳು ತ್ರ್ಯಂಬಕೇಶ್ವರದಿಂದ ಕಾಲ್ನಡಿಗೆಯಲ್ಲಿ ಕದ್ರಿಗೆ ಬಂದು ಮಠಕ್ಕೆ ಹೊಸ 'ರಾಜ'ನನ್ನು ಪಟ್ಟಕ್ಕೇರಿಸುತ್ತಾರೆ. ಕಳೆದ ಬಾರಿ ಇದು ನಡೆದದ್ದು 2016ರಲ್ಲಿ. ಚಿಕ್ಕಮಗಳೂರಿನ ಬಾಬಾಬುಡನ್‌ಗಿರಿಯಲ್ಲಿ ದತ್ತಾತ್ರೇಯ ಮತ್ತು ದಾದಾ ಹಯಾತ್ ಒಂದೇ ಗುಹೆಯನ್ನು ಹಂಚಿಕೊಂಡಿದ್ದಾರೆ. ಅಲ್ಲೂ ಮಲಂಗಗಡದಂಥದ್ದೇ ವಿವಾದ.

ಹಾಗೆಂದು ಸಂಶೋಧನೆ ಎಲ್ಲವನ್ನೂ ಸಿಹಿಯಾಗಿ ತೋರಿಸುವುದಿಲ್ಲ. ಅಮೆರಿಕದ ಇತಿಹಾಸಕಾರ ರಿಚರ್ಡ್ ಈಟನ್ 1978ರಲ್ಲಿ ಪ್ರಕಟಿಸಿದ ಬಿಜಾಪುರದ ಸೂಫಿಗಳ ಅಧ್ಯಯನದಲ್ಲಿ ಕತ್ತಿ ಹಿಡಿದ ಸೂಫಿಗಳೂ ಇದ್ದಾರೆ, ದರಬಾರಿನಿಂದ ಇನಾಂ ಭೂಮಿ ಪಡೆದವರೂ ಇದ್ದಾರೆ. ಜೊತೆಗೆ, ಹೆಂಗಸರು ಬೀಸುವಾಗ, ನೂಲುವಾಗ ಹಾಡಿಕೊಳ್ಳಲೆಂದು ದಖ್ಖನಿ ಭಾಷೆಯಲ್ಲಿ ಪದ ಕಟ್ಟಿಕೊಟ್ಟವರೂ ಇದ್ದಾರೆ. ಸೂಫಿಗಳ ಮಾತು ಮನೆಯೊಳಗೆ ಹೋದದ್ದು ಬೀಸುಕಲ್ಲಿನ ಜೊತೆ ಎಂದು ಈಟನ್ ತೋರಿಸುತ್ತಾರೆ. ಕಹಿಯನ್ನೂ ಬಿಡದೆ ಬರೆದಾಗಲೇ ಓದುಗ ಉಳಿದದ್ದನ್ನು ನಂಬುತ್ತಾನೆ.

ನಮ್ಮಲ್ಲಿ ಹಲವರು ಮಲಂಗಗಡದ ಬಗ್ಗೆ ತಿಳಿದುಕೊಂಡಿರುವುದು ವಾಟ್ಸ್ಯಾಪ್‌ನಿಂದ. ಕಲೀನಾದಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವಿದೆ. ಅಲ್ಲಿ ಎಂ.ಎ., ಪಿಎಚ್.ಡಿ. ಮಾಡುವ ನಮ್ಮ ಮಕ್ಕಳು ಮರಾಠಿ, ಹಿಂದಿ, ಕನ್ನಡ ಮೂರನ್ನೂ ಬಲ್ಲವರು. ಮಾಘ ಹುಣ್ಣಿಮೆಯಂದು ಒಂದು ನೋಟ್‌ಬುಕ್ ಹಿಡಿದು ಗಡ ಹತ್ತಿದರೆ ಹೂ ಮಾರುವವರು, ಹರಕೆ ಹೊತ್ತವರು, ಫಕೀರರು, ಆರತಿ ಹಿಡಿದವರು ಎಲ್ಲರೂ ಮಾತಿಗೆ ಸಿಗುತ್ತಾರೆ. ಹಂಪಿಯಲ್ಲಿ ಆದ ಕೆಲಸ ಕಲ್ಯಾಣದಲ್ಲೂ ಆಗಬಹುದು. ವಿಷಯ ಹುಡುಕುತ್ತಿರುವ ವಿದ್ಯಾರ್ಥಿ ನಿಮ್ಮ ಮನೆಯಲ್ಲಿದ್ದರೆ ಇದನ್ನೊಮ್ಮೆ ಹೇಳಿ ನೋಡಿ.